ಕರೆದರೆ ಓಗೊಡುವವಳು

ದಿಂಬಿನ ಕವರಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಅವಳ ಬಾಯಲ್ಲಿ. ನಾನು ಎಳೆದರೆ ಅವಳೂ ಎಳೆಯುತ್ತಾಳೆ. ನಾನು ಬಿಟ್ಟರೆ ಬೇಜಾರಾಗಿ ತಾನೂ ಬಿಡುತ್ತಾಳೆ. ಅವಳಿಗೆ ಬೇಕಾಗಿದ್ದು ಕವರಲ್ಲ, ಜಗ್ಗಾಟ. ಭಾನುವಾರ ಬೆಳಿಗ್ಗೆ ಹಾಸಿಗೆಗಳ ಬಟ್ಟೆ ಬದಲಾಯಿಸುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಈ ನಾಯಿಮರಿ ಬಂದಮೇಲೆ ಅದೊಂದು ಕುಸ್ತಿಯಾಗಿತ್ತು.

"ಬಿಡೇ..." ಎಂದು ಗದರಲು ಹೋಗಿ ಅಲ್ಲಿಗೇ ತಡೆದೆ. ಬಿಡೇ, ಯಾರೇ? ಬಂದು ತಿಂಗಳಾಗುತ್ತ ಬಂದರೂ ಅವಳಿಗೆ ಹೆಸರಿರಲಿಲ್ಲ.

ಹೆಸರುಗಳಿಗೇನೂ ಬರವಿರಲಿಲ್ಲ. ಗೆಳತಿಯ ಮನೆಯಿಂದ ಮರಿಯನ್ನು ಎತ್ತಿಕೊಂಡು ಬಂದ ಮಗಳು ದಿನಕ್ಕೊಂದು ಹೆಸರು ಹೇಳಿ, ಮರುದಿನ ತಾನೇ ಮೂಗು ಮುರಿಯುತ್ತಿದ್ದಳು. ಇವರು ಮೊದಲ ದಿನವೇ "ರಾಣಿ" ಎಂದಿದ್ದರು.

"ಅಪ್ಪಾ, ನಮ್ಮ ಬೀದೀಲೇ ಮೂರು ರಾಣಿಯರಿದ್ದಾರೆ. ಕರೆದರೆ ಮೆರವಣಿಗೆ ಬರುತ್ತೆ," ಎಂದಿದ್ದಳು ಮಗಳು.

ಅತ್ತೆಗೆ ತಮ್ಮ ಬೊಚ್ಚುಬಾಯಿಗೆ ಒಗ್ಗುವ ಹೆಸರು ಬೇಕು. "ಉದ್ದುದ್ದ ಹೆಸರೆಲ್ಲ ಬೇಡ ಕಣ್ರೇ. ನಾನು ಕರೆದು ಮುಗಿಸೋದರೊಳಗೆ ಅವಳು ನನ್ನ ಚಪ್ಪಲಿ ತಿಂದು ನೀರು ಕುಡಿದಿರ್ತಾಳೆ." ಅವರಿಟ್ಟ ಹೆಸರು ಕೋತಿ. ನಾಯಿಯನ್ನು ಕೋತಿ ಎಂದರೆ ನೋಡಿದವರು ನಕ್ಕಾರು ಎಂದು ಅದೂ ಬಿದ್ದುಹೋಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನ ಬಳಿ ಹೆಸರಿರಲಿಲ್ಲ, ಒಂದು ಅನುಮಾನ ಮಾತ್ರ ಇತ್ತು. ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಬಳಿ. ಕಾಯುತ್ತ ಕೂತವರ ಹೆಸರು ಕೂಗಿ ಒಳಗೆ ಕಳಿಸುವವಳು ನಾನು. ಗಂಡಸರು ಹೆಸರಿನ್ನೂ ಅರ್ಧ ಬಾಯಲ್ಲಿರುವಾಗಲೇ ಎದ್ದು ನಿಂತಿರುತ್ತಾರೆ. ನನ್ನ ವಯಸ್ಸಿನ ಹೆಂಗಸರು ಮಾತ್ರ ಎಷ್ಟೋ ಸಲ ಮೊದಲ ಕರೆಗೆ ಏಳುವುದಿಲ್ಲ. ಮೊನ್ನೆ ಒಬ್ಬರು, ಎರಡು ಸಲ ಕೂಗಿದರೂ, ಆ ಹೆಸರಿನವಳು ಯಾರಪ್ಪಾ ಎಂದು ಎಲ್ಲರ ಜೊತೆ ತಾನೂ ಸುತ್ತ ನೋಡಿದರು. ಆಮೇಲೆ "ಅಯ್ಯೋ, ನಾನೇ ಅಲ್ವಾ!" ಎಂದು ಊದಿದ ಕೆನ್ನೆ ಹಿಡಿದುಕೊಂಡೇ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಮನೆಗೆ ಬರುವಾಗ ಯೋಚನೆ ಹತ್ತಿತು. ಹೆಸರು ಎಂದರೆ ಯಾರೋ ಇಟ್ಟದ್ದೋ, ಕೇಳಿದ ಕೂಡಲೇ ಕಿವಿ ನಿಮಿರುತ್ತದಲ್ಲ, ಅದೋ?

ಅದಕ್ಕೇ ಆ ಭಾನುವಾರ ಕಾಫಿ ಕೊಡುತ್ತ ಹೇಳಿದೆ: "ನಾವ್ಯಾಕೆ ಜಗಳ ಆಡಬೇಕು? ಅವಳನ್ನೇ ಕೇಳೋಣ. ಬಿಸ್ಕತ್ತು ತೋರಿಸಿ ಕರೆಯೋದು ಬೇಡ. ಬಿಸ್ಕತ್ತಿದ್ದರೆ 'ಪೊರಕೆ' ಅಂದರೂ ಓಡಿಬರ್ತಾಳೆ. ಬರಿಗೈಲಿ ಕೂತು, ಅವಳ ಕಡೆ ನೋಡದೆ ಕರೀರಿ. ಯಾವುದಕ್ಕೆ ಕಿವಿ ಏಳುತ್ತೋ ಅದೇ ಹೆಸರು."

"ಡಾಕ್ಟರ ಹತ್ರ ಇದ್ದೂ ಇದ್ದೂ ಅಮ್ಮನೂ ಅರ್ಧ ಡಾಕ್ಟರ್ ಆಗಿಬಿಟ್ಟಳು," ಎಂದಳು ಮಗಳು. ಆದರೂ ಎಲ್ಲರೂ ಹುರುಪಿನಿಂದಲೇ ಕೂತರು. ಮರಿ ನಡುಮನೆಯಲ್ಲಿ ತನ್ನ ಬಾಲವನ್ನು ಬೇರೆ ಯಾರದೋ ಎಂಬಂತೆ ಬೆನ್ನಟ್ಟುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಕಿವಿಗಳನ್ನೇ ನೋಡುತ್ತಿದ್ದೆ.

"ರಾಣಿ," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. ಬಾಲದ ಬೇಟೆ ನಿಲ್ಲಲಿಲ್ಲ.

"ಮಿಂಚು," ಎಂದಳು ಮಗಳು. ಮರಿ ತಟಕ್ಕನೆ ನಿಂತಳು. ನಾವು ಉಸಿರು ಹಿಡಿದೆವು. ಅವಳು ನೋಡುತ್ತಿದ್ದದ್ದು ಗೋಡೆಯ ಮೇಲಿನ ನೊಣವನ್ನು.

"ಏ ಕೋತೀ," ಎಂದರು ಅತ್ತೆ, ಸೋಲೊಪ್ಪದೆ. ಅವಳು ಅಂಗಾತ ಬಿದ್ದು ತನ್ನ ಕಾಲನ್ನೇ ಕಚ್ಚತೊಡಗಿದಳು.

"ಕಿವುಡೋ ಏನೋ," ಎಂದು ಇವರು ಪೇಪರಿನ ಪುಟ ತಿರುವಿದರು. ಮೊಣಕೈ ತಗುಲಿ ಕಾಫಿ ಲೋಟ ಮಗುಚಿಕೊಂಡಿತು.

"ಇವಳೇ! ಬೇಗ ಒಂದು ಬಟ್ಟೆ ತಾ!"

ಎರಡೂ ಕಿವಿ ನೆಟ್ಟಗಾದವು. ನಾನು ಒರೆಸುವ ಬಟ್ಟೆ ಹಿಡಿದು ಓಡಿದೆ. ಅವಳು ನನಗಿಂತ ಮೊದಲೇ ತಲುಪಿ, ಇವರ ಎದುರು ಕೂತು, ಬಾಲ ಬಡಿಯುತ್ತ, ಏನಪ್ಪಣೆ ಎಂಬಂತೆ ಮುಖ ನೋಡಿದಳು.

ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇನ್ನೊಂದ್ಸಲ, ಇನ್ನೊಂದ್ಸಲ!"

ಇವರಿಗೆ ನಂಬಿಕೆ ಬರಲಿಲ್ಲ. ಮರಿ ಆಡುತ್ತ ಬಾಗಿಲಾಚೆ ಹೋಗುವವರೆಗೆ ಕಾದು, ಮೆಲ್ಲಗೆ "ಇವಳೇ" ಎಂದರು. ಜಾರುತ್ತ, ಮೇಜಿನ ಕಾಲಿಗೆ ಡಿಕ್ಕಿ ಹೊಡೆಯುತ್ತ ಬಂದೇಬಿಟ್ಟಳು. ನನ್ನ ಪಾದವೂ ಒಂದು ಹೆಜ್ಜೆ ಮುಂದೆ ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಇದರ ಗುಟ್ಟು ಹೊಳೆಯದಿರುವಂಥದ್ದೇನೂ ಅಲ್ಲ. ಬೆಳಗಾದರೆ ಈ ಮನೆಯಲ್ಲಿ ಅದೇ ಕರೆ. ಕರೆದಾಗಲೆಲ್ಲ ನಾನು ಕೈಯ ಕೆಲಸ ಬಿಟ್ಟು ಓಡುತ್ತೇನೆ. ಯಾರಾದರೂ ಓಡಿದರೆ ಅವಳಿಗೆ ಆಟ. ಆ ಶಬ್ದಕ್ಕೆ ಏಳಬೇಕು ಎಂದು ಅವಳಿಗೆ ಕಲಿಸಿದವಳು ನಾನೇ.

"ನೀನೇ ಪುಣ್ಯವಂತೆ ಬಿಡು," ಎಂದರು ಅತ್ತೆ, ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ. "ನಿಮ್ಮ ಮಾವ ನನ್ನನ್ನ ಅಷ್ಟೂ ಕರೀತಿರಲಿಲ್ಲ. ಕೆಮ್ಮುತ್ತಿದ್ದರು. ಅವರಿಗೆ ನೆಗಡಿಯಾದಾಗ ನನಗೆ ಓಡಾಡಿ ಓಡಾಡಿ ಸಾಕಾಗ್ತಿತ್ತು."

"ಅಮ್ಮನೇನು ಕಮ್ಮಿ? ಅಪ್ಪನ್ನ 'ರೀ' ಅಂತಾಳಲ್ಲ, ಅದ್ಯಾವ ಸೀಮೆ ಹೆಸರು?" ಎಂದಳು ಮಗಳು.

ಅದೂ ನಿಜವೇ. ಆದರೆ ನಾನು "ರೀ" ಎಂದರೆ ಇವರು ಎದ್ದು ಬರುವುದಿಲ್ಲ. ಕೂತಲ್ಲಿಂದಲೇ "ಹೂಂ" ಎನ್ನುತ್ತಾರೆ.

ಇವರ ಮುಖ ಕೆಂಪಾಗಿತ್ತು. "ಸರಿ ಸರಿ, ಇವತ್ತಿನಿಂದ ಮಿಂಚು ಅಂತಲೇ ಕರೆಯೋಣ. ಗೊಂದಲ ಬೇಡ."

"ಗೊಂದಲ ಯಾರಿಗೋ?" ಎಂದರು ಅತ್ತೆ. ಇವರು ಪೇಪರಿನ ಹಿಂದೆ ಸರಿದರು.

ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಬೆಳಿಗ್ಗೆಯಿಂದ ಮಿಂಚು, ಮಿಂಚು ಎಂದು ಕರೆಸಿಕೊಂಡು ದಣಿದವಳು, ಒಮ್ಮೆಯೂ ತಿರುಗಿ ನೋಡದವಳು, ನನ್ನ ಕಾಲ ಬಳಿ ತಂಪು ನೆಲಕ್ಕೆ ಹೊಟ್ಟೆ ಅಂಟಿಸಿ ಮಲಗಿದ್ದಳು. ಕೋಣೆಯಿಂದ ಇವರ ದನಿ ಬಂತು.

"ಇವಳೇ, ನನ್ನ ಕನ್ನಡಕ ನೋಡಿದೆಯಾ?"

ಕನ್ನಡಕ ಫ್ರಿಜ್ಜಿನ ಮೇಲಿತ್ತು, ನಿಂತಲ್ಲಿಂದಲೇ ಕಾಣುತ್ತಿತ್ತು. ನನ್ನ ಒದ್ದೆ ಕೈ ಆಗಲೇ ಟವೆಲ್ಲಿನ ಕಡೆ ಹೋಗಿತ್ತು. ಅವಳು ಎದ್ದು ಮೈ ಕೊಡವಿ, ಎರಡು ಹೆಜ್ಜೆ ಇಟ್ಟು, ಬರುವುದಿಲ್ಲವೇ ಎಂಬಂತೆ ನನ್ನನ್ನು ತಿರುಗಿ ನೋಡಿದಳು. ನಾನೂ ಅವಳನ್ನು ನೋಡಿದೆ. ಆಮೇಲೆ ಅವಳೊಬ್ಬಳೇ ಹೋದಳು.

ಆ ಹೆಸರು ಅವಳಿಗೇ ಇರಲಿ ಎಂದುಕೊಂಡೆ. ಎಷ್ಟು ಖುಷಿಯಿಂದ ಹೊತ್ತುಕೊಂಡಿದ್ದಾಳೆ, ಕಿತ್ತುಕೊಳ್ಳುವುದೇಕೆ? ನನಗೆ ಅಪ್ಪ ಅಮ್ಮ ಇಟ್ಟದ್ದೊಂದಿದೆ, ಚೆನ್ನಾಗಿಯೂ ಇದೆ. ಇವರಿಗೆ ಗೊತ್ತಿಲ್ಲದ್ದೇನಲ್ಲ.

"ಇವಳೇ!" ಈ ಸಲ ದನಿ ಜೋರಾಗಿತ್ತು. ಒಳಗಿನಿಂದ ಸಂತೋಷದ ಒಂದು ಬೊಗಳು ಕೇಳಿಸಿತು, ಅದರ ಹಿಂದೆಯೇ "ಛೆ, ನೀನಲ್ಲ ಕಣೇ."

ಮತ್ತೆ ಸದ್ದಿಲ್ಲ. ಇವರು ಏನೋ ಯೋಚಿಸುತ್ತಿರಬೇಕು. ನಾನು ನಲ್ಲಿಯ ನೀರನ್ನು ಸಣ್ಣಗೆ ಮಾಡಿ, ಕಿವಿಯನ್ನು ಕೋಣೆಯ ಕಡೆಗಿಟ್ಟು, ಮುಂದಿನ ತಟ್ಟೆ ಉಜ್ಜತೊಡಗಿದೆ.