ನಿಂತು ಬೀಸುವ ಕೋಲು

“ಇದೂ ಉದ್ದ ಆತಣ್ಣ,” ಎಂದು ಜಯಪ್ಪ ಮೂರನೆಯ ಕೋಲನ್ನೂ ಗೋಡೆಗೆ ಒರಗಿಸಿದ. “ದೋಣಿಯಾಗೆ ನಾಲ್ಕು ಜನ ಇರ್ತೀವಿ. ಇಷ್ಟುದ್ದದ್ದು ಹಿಂದಕ್ಕೆ ಎತ್ತಿದ್ರೆ ಇನ್ನೊಬ್ಬನ ಕಣ್ಣಿಗೇ ಹೋಗ್ತೈತೆ.”

ಓಬಣ್ಣನಿಗೆ ರೇಗಿತು. ಹೊನ್ನಾಳಿಯ ಹೊಳೆದಂಡೆಯಲ್ಲಿ ಗಾಳದ ಕೋಲು ಬೇಕೆಂದವರು ಅವನ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ನ್ಯಾಮತಿ, ಚನ್ನಗಿರಿ ಕಡೆಯವರೂ ಅವನು ಕೊಟ್ಟದ್ದನ್ನು ಕಣ್ಣು ಮುಚ್ಚಿಕೊಂಡು ಒಯ್ಯುತ್ತಿದ್ದರು. ಹೀಗೆ ಒಂದೊಂದನ್ನೂ ಹಿಡಿದು, ಬಗ್ಗಿಸಿ, ಮೂಗು ಮುರಿದವರು ಯಾರೂ ಇರಲಿಲ್ಲ. ಈಗ ಮೂಗು ಮುರಿಯುತ್ತಿರುವವನು ಒಡಹುಟ್ಟಿದ ತಮ್ಮ.

“ಹಂಗಾದ್ರೆ ಎಂಥದ್ದು ಬೇಕು, ಬಾಯಿ ಬಿಟ್ಟು ಹೇಳು.”

“ಆಳುದ್ದಕ್ಕಿಂತ ಒಂದು ಮೊಳ ಹೆಚ್ಚಿದ್ರೆ ಸಾಕು. ಬುಡ ಗಟ್ಟಿ ಇರ್ಬೇಕು, ತುದಿ ಬಳುಕಬೇಕು. ದಾರ ಹಾಯಾಕೆ ಕಬ್ಬಿಣದ ಉಂಗುರ ಬ್ಯಾಡ. ಉಪ್ಪು ನೀರಿಗೆ ಒಂದೇ ತಿಂಗಳಾಗೆ ತುಕ್ಕು ಹಿಡಿದು ದಾರಾನೇ ಕೊಯ್ದು ಹಾಕ್ತಾವೆ. ಹಿತ್ತಾಳೇದು ಕಟ್ಟು.”

ಜಯಪ್ಪ ಘಟ್ಟ ಇಳಿದು ಗಂಗೊಳ್ಳಿಗೆ ಹೋಗಿ ಕೆಲವು ವರ್ಷಗಳಾಗಿದ್ದವು. ಇಷ್ಟು ದಿನ ದೊಡ್ಡ ದೋಣಿಯಲ್ಲಿ ಬಲೆ ಎಳೆಯುವ ಕೂಲಿ. ಈಗ ದಡದ ಹತ್ತಿರವೇ ತಿರುಗಾಡುವ ಸಣ್ಣ ದೋಣಿಯೊಂದರಲ್ಲಿ ಜಾಗ ಸಿಕ್ಕಿತ್ತು. ಗಾಳ ಎಸೆದು ಅಂಜಲ್ ಮೀನು ಹಿಡಿಯುವ ಕೆಲಸ. ಸ್ವಂತ ಕೋಲು ತಂದವನು ಕೂಲಿಯವನಲ್ಲ, ಪಾಲುಗಾರ. ಅಲ್ಲಿಯವರು ಬೊಂಬಾಯಿಯಿಂದ ಫೈಬರ್ ಕೋಲು ತರಿಸಿಕೊಳ್ಳುತ್ತಿದ್ದರು. ಜಯಪ್ಪ ಅಣ್ಣನ ಹತ್ತಿರ ಬಂದಿದ್ದ. ಪಾಲು ಸಿಕ್ಕಿದರೆ ಅವನು ಮತ್ತೆ ಊರ ಕಡೆ ತಲೆ ಹಾಕುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ ಅಷ್ಟೆ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಅವನ ಮಗಳು ಕಲ್ಲಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ಇನ್ನೂ ಮಾತು ಸರಿಯಾಗಿ ಬಾರದ ಮಗು. ಗಂಗೊಳ್ಳಿಗೆ ತಂತಿ ಕೊಟ್ಟರು. ಜಯಪ್ಪ ಬಂದು ಇಳಿದಾಗ ಮಗುವನ್ನು ಮಣ್ಣು ಮಾಡಿ ವಾರ ಕಳೆದಿತ್ತು. ಅವನ ಹೆಂಡತಿ ಅಂಜಮ್ಮ ಕಾಲಿಗೆ ನೀರು ಕೊಟ್ಟಳು, ಊಟಕ್ಕಿಟ್ಟಳು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಆವತ್ತಿನಿಂದ ಗಂಡ ಹೆಂಡತಿ ಮುಖ ಕೊಟ್ಟು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಈ ಸಲವೂ ಅವನು ಜಗಲಿಯ ಮೇಲೆಯೇ ಚಾಪೆ ಹಾಸಿಕೊಳ್ಳುತ್ತಿದ್ದ.

“ಅಟ್ಟದ ಮೇಲೆ ಒಂದೈತೆ,” ಎಂದ ಓಬಣ್ಣ ಕೊನೆಗೆ. “ಅದನ್ನ ನಾಳೆ ಇಳಿಸ್ತೀನಿ.”

ಅದು ಅವನು ತನಗೆಂದೇ ಎತ್ತಿಟ್ಟುಕೊಂಡ ಕೋಲು. ಕತ್ತಲ ದಿನಗಳಲ್ಲಿ, ಅಮಾವಾಸ್ಯೆಗೆ ಹತ್ತಿರವಾಗಿ ಕಡಿದ ಗಟ್ಟಿ ಬಿದಿರು. ಬೆಳುದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆಂದು ಅವನಪ್ಪ ಹೇಳಿಕೊಟ್ಟಿದ್ದ. ಎರಡು ಮಳೆಗಾಲ ಒಲೆಯ ಹೊಗೆ ಕುಡಿದು ಆ ಕೋಲು ಕಂದು ಬಣ್ಣಕ್ಕೆ ತಿರುಗಿತ್ತು. ಸೂಳೆಕೆರೆಯ ದೊಡ್ಡ ಮೀನಿಗೆ ಇರಲೆಂದು ಇಟ್ಟಿದ್ದ. ಕೊಡಲು ಮನಸ್ಸಾಗಲಿಲ್ಲ, ಆದರೂ ತಮ್ಮನಿಗಲ್ಲದೆ ಇನ್ಯಾರಿಗೆ ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಓಬಣ್ಣನ ಹೆಂಡತಿ ದೊಡ್ಡಕ್ಕ ಮೀನು ಮಾರಲು ಹೋದವಳು ಇನ್ನೂ ಬಂದಿರಲಿಲ್ಲ. ಜಯಪ್ಪ ಪೇಟೆಯ ಕಡೆ ಹೋಗಿದ್ದ. ಓಬಣ್ಣ ಅಂಗಳದಲ್ಲಿ ಕೂತು ಹಿತ್ತಾಳೆಯ ತಂತಿಯನ್ನು ಉಂಗುರ ಮಾಡಿ ಸುತ್ತುತ್ತಿದ್ದಾಗ ಬಾಗಿಲ ಹಿಂದಿನಿಂದ ದನಿ ಬಂತು.

“ಬಾವ, ಆ ಅಟ್ಟದ ಕೋಲು ಕೊಡಬ್ಯಾಡ್ರಿ.”

ಓಬಣ್ಣ ಬೆಚ್ಚಿದ. ಈ ಮನೆಗೆ ಬಂದಾಗಿನಿಂದ ಅಂಜಮ್ಮ ಅವನೊಂದಿಗೆ ನೇರವಾಗಿ ಮಾತಾಡಿದವಳಲ್ಲ. ಗಂಡನ ಅಣ್ಣನಿಗೆ ಏನು ಹೇಳಬೇಕಾದರೂ ದೊಡ್ಡಕ್ಕನ ಮೂಲಕವೇ. ಮಗು ಸತ್ತ ದಿನವೂ ಆ ಕಟ್ಟು ಮುರಿದಿರಲಿಲ್ಲ.

“ಯಾಕಮ್ಮ?”

“ಬಾಳಿಕೆ ಬರದಂಥದ್ದು ಕೊಡ್ರಿ. ಬ್ಯಾಗ ಮುರಿದು ಹೋಗಂಥದ್ದು. ಕೋಲು ಇಲ್ಲಂದ್ರೆ ಪಾಲು ಇಲ್ಲ. ಪಾಲು ಇಲ್ಲಂದ್ರೆ ಮನೆಗೆ ಬರ್ತಾರೆ.”

“ತಿಳಿದು ಆಡ್ತೀಯೇನವ್ವ ಈ ಮಾತು? ನನ್ನ ಕೈಯಿಂದ ಇವತ್ತಿನ ತನಕ ಕೆಟ್ಟ ಕೋಲು ಹೋಗಿಲ್ಲ.”

“ನಂಗೆ ಬ್ಯಾರೆ ದಾರಿ ಕಾಣ್ಲಿಲ್ಲ ಬಾವ. ಹುಡುಗಿ ಹೋತು. ಇವ್ರೂ ಹೋದ್ರೆ ನಾನು ಈ ಮನೆಯಾಗೆ ಯಾರು ಅಂತ ಇರ್ಲಿ?”

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಅವಳು ಒಳಗೆ ಹೋಗಿದ್ದಳು. ಜಯಪ್ಪ ಮನೆಯಲ್ಲಿರಲಿ ಎಂಬ ಆಸೆ ಓಬಣ್ಣನಿಗೂ ಇಲ್ಲದಿರಲಿಲ್ಲ. ಹರಿಗೋಲಿನಲ್ಲಿ ಎದುರಿಗೆ ಹುಟ್ಟು ಹಾಕುವವನಿಲ್ಲದೆ ಅವನ ರಟ್ಟೆ ಬಿದ್ದುಹೋಗಿತ್ತು. ಹೊಳೆಯ ನಡುವೆ ಒಬ್ಬನೇ ಇರುವಾಗ ಎಷ್ಟೋ ಸಲ ತಮ್ಮನನ್ನು ನೆನೆದು ಕಣ್ಣು ತುಂಬಿಕೊಂಡಿದ್ದ.

ಮಾರನೆಯ ದಿನ ಅವನು ಅಟ್ಟ ಹತ್ತಲಿಲ್ಲ. ಸವಳಂಗದ ಬಿದಿರಿನವನು ಹುಣ್ಣಿಮೆಯ ಆಸುಪಾಸಿನಲ್ಲಿ ಕಡಿದು ತಂದು ತಲೆಗೆ ಕಟ್ಟಿ ಹೋಗಿದ್ದ ಗಳಗಳು ಕೊಟ್ಟಿಗೆಯ ಮೂಲೆಯಲ್ಲಿದ್ದವು. ಮಾರಲು ಮನಸ್ಸಾಗದೆ ಬಿಸಾಕಿದ್ದ. ಅವುಗಳಲ್ಲಿ ನೋಡಲು ಚೆಂದವಿದ್ದ ಒಂದನ್ನು ಆರಿಸಿ, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ಎಣ್ಣೆ ತಿಕ್ಕಿದ. ಹಿತ್ತಾಳೆಯ ಉಂಗುರಗಳನ್ನು ಒಂದೊಂದಾಗಿ ಇಟ್ಟು ದಾರ ಸುತ್ತಿ ಮೇಣ ಹಚ್ಚಿದ. ಬೇರೆ ಯಾವ ಕೋಲಿಗೂ ಅಷ್ಟು ನಾಜೂಕಾಗಿ ಕಟ್ಟಿರಲಿಲ್ಲ. ಕೆಟ್ಟ ಕೆಲಸಕ್ಕೆ ಕೈ ಎಷ್ಟು ಚೆನ್ನಾಗಿ ಬಗ್ಗುತ್ತದೆಂದು ಅವನಿಗೇ ಹೇಸಿಗೆಯಾಯಿತು.

ಕೋಲು ನೋಡಿ ಜಯಪ್ಪನ ಮುಖ ಅರಳಿತು. ಮಂಗಳೂರಿನಿಂದ ತರಿಸಿದ್ದ, ದಾರ ಸುತ್ತುವ ಹಳೆಯ ರಾಟೆಯನ್ನು ಬುಡಕ್ಕೆ ಬಿಗಿದು, ನೈಲಾನ್ ದಾರ ಪೋಣಿಸಿ, ಹೊಳೆಗೆ ಒಯ್ದ. ಅಂಜಮ್ಮ ಅಲ್ಲೇ ಸ್ವಲ್ಪ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಜಯಪ್ಪ ಬಂಡೆಯ ತುದಿಯಲ್ಲಿ ನಿಂತು, ಗಿಣ್ಣುಗಳನ್ನು ಉಗುರಿನಿಂದ ಬಡಿದು ಕಿವಿಗೆ ಹಿಡಿದ. ಹುಳ ಬಿದ್ದ ಬಿದಿರು ಬೇರೆ ದನಿ ಕೊಡುತ್ತದೆಂದು ಓಬಣ್ಣನಿಗೆ ಗೊತ್ತಿತ್ತು.

“ಚೆನ್ನಾಗೈತೆ,” ಎಂದ ಜಯಪ್ಪ. “ನೋಡಣ್ಣ, ಇಲ್ಲಿಯಂಗೆ ಕೂತ್ಕೊಂಡು ಹಾಕಾಕೆ ಆಗಲ್ಲ ಅಲ್ಲಿ. ದೋಣಿ ತುದಿಯಾಗೆ ಹಿಂಗೆ ನಿಂತು, ಮೈಭಾರ ಎಲ್ಲ ಕೋಲಿಗೆ ಹಾಕಿ ಬೀಸ್ಬೇಕು.”

ಅವನು ಹಿಂದಕ್ಕೆ ಬಾಗಿ, ಇಡೀ ಮೈಯನ್ನು ಮುಂದಕ್ಕೆ ಎಸೆದಂತೆ ಬೀಸಿದ. ಸೀಸದ ಗುಂಡು ಹೊಳೆಯ ನಡುವಿಗೆ ಹೋಗಿ ಬಿತ್ತು. ಓಬಣ್ಣ ಕೋಲನ್ನಷ್ಟೇ ನೋಡುತ್ತಿದ್ದ, ಈಗಲೇ ಮುರಿದು ಮಾನ ಹೋಗುತ್ತದೋ ಎಂದು. ಮುರಿಯಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಜಯಪ್ಪ ಹೊರಟ. ಶಿವಮೊಗ್ಗದಲ್ಲಿ ಇಳಿದು, ಮಧ್ಯಾಹ್ನ ಘಟ್ಟ ಇಳಿಯುವ ಬಸ್ಸು ಹಿಡಿಯಬೇಕು. ಅಂಜಮ್ಮ ಬುತ್ತಿ ಕಟ್ಟಿಕೊಟ್ಟಳು. ಹೋಗಿ ಬರ್ತೀನಿ ಎಂದು ಅವನು ಹೇಳಿದ್ದು ದೊಡ್ಡಕ್ಕನಿಗೆ.

ಬಸ್ಸು ಹತ್ತಿಸಿ ಬಂದ ಓಬಣ್ಣ ಜಗಲಿಯ ಮೇಲೆ ಕೂತು ಇನ್ನೂ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿರಲಿಲ್ಲ, ಅಂಜಮ್ಮ ಹೊರಗೆ ಬಂದು ಎದುರಿಗೇ ನಿಂತಳು. ಸೆರಗು ತಲೆಯಿಂದ ಜಾರಿತ್ತು. ಹಾಗೆ ನಿಂತವಳನ್ನು ಅವನು ಎಂದೂ ಕಂಡಿರಲಿಲ್ಲ.

“ಬಾವ, ಹಂಗೆ ನಿಂತು ಬೀಸಾಗ ಮುರಿದ್ರೆ ಮನುಷ್ಯ ಎಲ್ಲಿಗೆ ಬೀಳ್ತಾನೆ?”

ಓಬಣ್ಣ ಎಲೆ ಅಡಿಕೆಯನ್ನು ಕೆಳಗಿಟ್ಟ. ಅವನ ಮನೆತನ ಹುಟ್ಟಿ ಬೆಳೆದದ್ದು ಹರಿಗೋಲಿನಲ್ಲಿ. ಹರಿಗೋಲಿನಲ್ಲಿ ನಿಂತರೆ ಮಗುಚುತ್ತದೆ. ಅಲ್ಲಿ ಅಜ್ಜನಿಂದ ಹಿಡಿದು ಎಲ್ಲರೂ ಕುಕ್ಕರುಗಾಲಿನಲ್ಲಿ ಕೂತೇ ಗಾಳ ಹಾಕಿದವರು. ಕೋಲು ಮುರಿದರೆ ಮೀನು ಹೋಯಿತು, ಅಷ್ಟೆ. ಮುರಿದ ಕೋಲಿನ ಜೊತೆ ಮನುಷ್ಯನೂ ಹೋಗಬಹುದು ಎಂಬುದು ಅವನ ಬುದ್ಧಿಗೆ ಎಟುಕಿರಲೇ ಇಲ್ಲ. ತಮ್ಮ ಕಣ್ಣೆದುರಿಗೇ ಬೀಸಿ ತೋರಿಸಿದಾಗಲೂ ಹೊಳೆದಿರಲಿಲ್ಲ.

ಅವನು ಅಟ್ಟ ಹತ್ತಿ ಕೋಲು ಇಳಿಸಿದ. ಉಳಿದ ಉಂಗುರ, ದಾರ, ಮೇಣದ ಉಂಡೆಯನ್ನು ಟವೆಲಿಗೆ ಕಟ್ಟಿಕೊಂಡ. ಹೊಸ್ತಿಲು ದಾಟುವಾಗ ಅಂಜಮ್ಮ ಹಿಂದೆಯೇ ಬಂದಳು.

“ನೀನೆಲ್ಲಿಗವ್ವ?”

“ಕೇಳಿದೋಳು ನಾನು ಬಾವ. ಕೊಡೋಳೂ ನಾನೇ ಆಗ್ಲಿ.”

ಶಿವಮೊಗ್ಗದ ನೇರ ಬಸ್ಸು ಹೊರಟುಹೋಗಿತ್ತು. ನ್ಯಾಮತಿ, ಸವಳಂಗದ ಮೇಲೆ ಸುತ್ತಿ ಹೋಗುವ ಬಸ್ಸು ಸಿಕ್ಕಿತು. ಅದು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಕುರಿ ಹತ್ತಿಸಿದವನೊಬ್ಬ ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಾಗ ಓಬಣ್ಣ ಎದ್ದು ಅವನ ಮೇಲೆ ಕೂಗಾಡಿದ. ಅಂಜಮ್ಮ ಕೋಲನ್ನು ಅಡ್ಡ ಹಿಡಿದುಕೊಂಡಳು, ಓಬಣ್ಣ ಅಲುಗಾಡುವ ಬಸ್ಸಿನಲ್ಲಿ ಉಂಗುರ ಕಟ್ಟುತ್ತ ಹೋದ. ದಾರ ಬಿಗಿ ಬರುತ್ತಿರಲಿಲ್ಲ. ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಸವಳಂಗ ದಾಟಿದ ಮೇಲೆ ಅವನು ದಾರವನ್ನು ಅವಳಿಗೆ ಕೊಟ್ಟು ಕೋಲು ಹಿಡಿದುಕೊಂಡ, ಉಳಿದವನ್ನು ಅಂಜಮ್ಮನೇ ಕಟ್ಟಿದಳು.

ಶಿವಮೊಗ್ಗದಲ್ಲಿ ಘಟ್ಟದ ಬಸ್ಸು ಇನ್ನೂ ನಿಂತಿತ್ತು. ಬಾಗಿಲ ಬಳಿ ಕೋಲು ಹಿಡಿದು ಬೀಡಿ ಸೇದುತ್ತಿದ್ದ ಜಯಪ್ಪ ಇವರನ್ನು ಕಂಡು ಬೀಡಿ ಬಿಸಾಕಿದ.

“ಯಾಕಣ್ಣ? ಮನೆಯಾಗೆ ಏನಾತು?”

ಓಬಣ್ಣ ಬಾಯಿ ತೆರೆಯುವ ಮೊದಲೇ ಅಂಜಮ್ಮ ಮುಂದೆ ಬಂದಳು.

“ಆ ಕೋಲು ಇತ್ಲಾಗೆ ಕೊಡ್ರಿ. ಅದು ಹುಳ ಬಿದ್ದಿರೋದು. ಕೆಟ್ಟದ್ದೇ ಕೊಡ್ರಿ ಅಂತ ಬಾವನ್ನ ಕೇಳ್ಕೊಂಡೋಳು ನಾನು. ಮುರಿದ್ರೆ ನೀವು ಮನೆಗೆ ಬರ್ತೀರಿ ಅಂದ್ಕೊಂಡೆ. ನೀರಿಗೆ ಬೀಳ್ತೀರಿ ಅನ್ನೋದು ತಲೆಗೆ ಬರ್ಲಿಲ್ಲ.”

ಜಯಪ್ಪ ಅವಳನ್ನು ನೋಡಿದ. ಒಂದು ವರ್ಷದ ಮೇಲೆ ನೋಡಿದಂತೆ ನೋಡಿದ.

“ಗೊತ್ತಿತ್ತು,” ಎಂದ. “ಉಗುರಿನಾಗೆ ಬಡಿದಾಗ್ಲೇ ಗೊತ್ತಾತು. ಅಪ್ಪ ಅಣ್ಣಂಗೊಬ್ನಿಗೇ ಹೇಳಿಕೊಟ್ಟಿದ್ನಾ?”

“ಗೊತ್ತಿದ್ದೂ ಯಾಕೋ ತಗೊಂಡೆ?” ಓಬಣ್ಣನ ದನಿ ಕಿರುಚಿದಂತೆ ಬಂತು.

“ಮುರಿದ್ರೆ ಮುರೀಲಿ, ಬಿದ್ರೆ ಬೀಳ್ತೀನಿ ಅಂದ್ಕೊಂಡೆ.”

ಎಷ್ಟು ಸಾದಾ ಆಗಿ ಹೇಳಿದನೆಂದರೆ ಓಬಣ್ಣನಿಗೆ ತಕ್ಷಣ ಅರ್ಥವಾಗಲಿಲ್ಲ. ಅಂಜಮ್ಮನಿಗೆ ಆಯಿತು.

“ಯಾಕೆ ಬರ್ಲಿಲ್ಲ ನೀವು?” ಎಂದಳು. “ತಂತಿ ಕೊಟ್ಟಾಗ ಯಾಕೆ ಬರ್ಲಿಲ್ಲ?”

“ದೊಡ್ಡ ದೋಣಿಯಾಗೆ ದೂರ ಹೋಗಿದ್ವಿ. ದಡಕ್ಕೆ ಬಂದ ಮೇಲೆ ಕೈಗೆ ಬಂತು. ನೀನು ಕೇಳ್ತೀಯ, ಹೇಳಾಣ ಅಂತ ಕಾದೆ. ಕೇಳ್ಲೇ ಇಲ್ಲ ನೀನು.”

“ಕೇಳಿದ್ರೆ ಬೈದಂಗೆ ಆಗ್ತೈತೆ ಅಂತ ಸುಮ್ನಿದ್ದೆ.”

ಡ್ರೈವರ್ ಹಾರನ್ ಒತ್ತಿದ. ಜಯಪ್ಪ ಕದಲಲಿಲ್ಲ. ತನ್ನ ಕೈಯಲ್ಲಿದ್ದ ಕೋಲು, ಅವಳ ಕೈಯಲ್ಲಿದ್ದ ಕೋಲು ಎರಡನ್ನೂ ನೋಡುತ್ತ ನಿಂತ. ಕಂಡಕ್ಟರ್ ಬಾಗಿಲು ಬಡಿದು ಕರೆದ. ಓಬಣ್ಣನಿಗೆ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕೆನ್ನಿಸಿತು. ಆದರೆ ಅದು ತನ್ನಿಂದ ಆಗುವ ಕೆಲಸವಲ್ಲ ಎಂದೂ ಅನ್ನಿಸಿತು.

ಜಯಪ್ಪ ರಾಟೆ ಬಿಚ್ಚಿಕೊಂಡು ಚೀಲಕ್ಕೆ ಹಾಕಿದ. ಅಂಜಮ್ಮನ ಕೈಯಿಂದ ಕಂದು ಕೋಲನ್ನು ತೆಗೆದುಕೊಂಡು, ಉಂಗುರಗಳ ಮೇಲೆ ಹೆಬ್ಬೆರಳು ಆಡಿಸಿದ.

“ದಾರ ಬಿಗಿ ಬಂದಿಲ್ಲ.”

“ಕೊನೇವು ಎರಡು ನಾನು ಕಟ್ಟಿದ್ದು,” ಎಂದಳು ಅಂಜಮ್ಮ.

ಜಯಪ್ಪ ಹುಳ ಬಿದ್ದ ಕೋಲನ್ನು ಅವಳ ಕೈಗಿತ್ತು ಬಸ್ಸು ಹತ್ತಿದ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಬಸ್ಸು ಸ್ಟ್ಯಾಂಡು ದಾಟುವವರೆಗೆ ಕಿಟಕಿಯಿಂದ ಆಚೆ ಬಂದಿದ್ದ ಕೋಲಿನ ತುದಿ ಕಾಣಿಸುತ್ತಿತ್ತು.

ಹೊನ್ನಾಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.

“ಕೊಡವ್ವ ಇಲ್ಲಿ, ಮುರಿದು ಹಾಕ್ತೀನಿ,” ಎಂದ ಓಬಣ್ಣ.

ಅಂಜಮ್ಮ ಕೊಡಲಿಲ್ಲ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಸ್ಸು ಹೋದ ದಾರಿಯ ಕಡೆಗೇ ನೋಡುತ್ತಿದ್ದಳು. ಅದರ ಗಿಣ್ಣಿನೊಂದರಿಂದ ಸಣ್ಣ ಹಳದಿ ಹುಡಿ ಉದುರಿ ಅವಳ ಮಡಿಲಿಗೆ ಬೀಳುತ್ತಿತ್ತು. ಅವಳು ಅದನ್ನು ಕೊಡವಲಿಲ್ಲ.