ರಮಾಮಣಿಯ ಮಗ್ಗದ ಸದ್ದು

ಲಾಕ್‌ಡೌನಿನ ದಿನಗಳಲ್ಲಿ ಸೇಲಂ ಪಕ್ಕದ ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಮಗ್ಗ ಆಡುತ್ತಿದ್ದದ್ದು ಒಂದೇ ಮನೆಯಲ್ಲಿ, ಪಕ್ಕದ ರಮಾಮಣಿಯ ಮನೆಯಲ್ಲಿ. ಲಟಕ್ ಪಟಕ್, ಲಟಕ್ ಪಟಕ್. ಬೆಳಗ್ಗೆ ನಾನು ಕಾಫಿ ಕುಡಿಯುವ ಮೊದಲೇ ಶುರು. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ನನ್ನ ಮಗ್ಗದಲ್ಲಿ ಜೇಡ ನೇಯುತ್ತಿತ್ತು. ಅದಕ್ಕೇನು, ಯಾರೂ ನೂಲು ಕೊಡಬೇಕಾಗಿಲ್ಲ. ನಮಗೆ ಪಾವು, ಅಂದರೆ ಮಗ್ಗಕ್ಕೆ ಹೂಡುವ ಉದ್ದನೆಯ ನೂಲಿನ ಹಾಸು, ಕೊಡುತ್ತಿದ್ದವನು ಪೆರುಮಾಳ್. "ಅಂಗಡಿ ಎಲ್ಲಾ ಮುಚ್ಚವೆ, ಪಾವು ಇಲ್ಲಕ್ಕಾ" ಅಂತ ಫೋನಿನಲ್ಲೇ ಕೈಯೆತ್ತಿದ್ದ. ಇವಳಿಗೆ ಮಾತ್ರ ಎಲ್ಲಿಂದ ಬಂತು? ಗಂಡ ಸತ್ತವಳು ಅಂತ ಕನಿಕರವೋ? ನನ್ನ ಗಂಡ ಬದುಕಿದ್ದು ಏನುಪಯೋಗ, ಜಗಲಿಯಲ್ಲಿ ಕೂತು ಆಕಳಿಸುತ್ತಿದ್ದ! ಕೆಲಸವಿಲ್ಲದೆ ನನಗೆ ನಿದ್ದೆ ಬಾರದು, ಅನ್ನ ಸೇರದು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅಂಥದ್ದರಲ್ಲಿ ಗೋಡೆಯಾಚೆ ಲಟಕ್ ಪಟಕ್. ಅವಳ ಜೊತೆ ಮಾತೇ ಬಿಟ್ಟೆ.

ಅದೂ ಎಂಥ ನೇಯ್ಗೆ! ಯಾರ ಮಗ್ಗವಾದರೂ ನಡುನಡುವೆ ನಿಲ್ಲುತ್ತದೆ. ಎಳೆ ಹರಿಯುತ್ತದೆ, ಲಾಳಿಯೊಳಗಿನ ನೂಲು ಮುಗಿಯುತ್ತದೆ. ಇವಳದು ನಿಲ್ಲುವುದೇ ಇಲ್ಲ. ಹರಿಯದಂಥ ನೂಲು ಆರಿಸಿ ಕೊಟ್ಟಿದ್ದಾನೆ ಅಂತ ಪೆರುಮಾಳನ ವಂಶಕ್ಕೇ ಶಾಪ ಹಾಕಿದೆ. ಮಗ್ಗದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು, ನನಗೇ ತಿಳಿಯಲಿಲ್ಲ ನೋಡಿ. ಹೊಟ್ಟೆಕಿಚ್ಚು ಕಿವಿಗೂ ಹತ್ತಿಕೊಂಡಿತ್ತು.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಅವಳ ಮನೆಗೆ ನುಗ್ಗಿದೆ.

"ಏನ್ಲೇ ರಮಾಮಣಿ, ಒಬ್ಳೇ ತಿಂದು ಅರಗಿಸ್ಕೊಂತೀಯಾ? ನಂಗೂ ಒಸಿ..."

ಮಗ್ಗದಲ್ಲಿ ಒಂದೆಳೆ ನೂಲಿರಲಿಲ್ಲ. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಅವಳು ತುಳಿಯುತ್ತಿದ್ದಳು. ಖಾಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಬರಿ ತೊಟ್ಟಿಲು ತೂಗಬಾರದು, ಬರಿ ಮಗ್ಗ ತುಳಿಯಬಾರದು, ಮನೆಗೆ ಕೇಡು ಅನ್ನುತ್ತಿದ್ದರು ನಮ್ಮತ್ತೆ.

"ಅಯ್ಯೋ ನಿನ್ನ! ನಿಲ್ಸೇ!" ಅಂತ ಮಗ್ಗದ ಹಲಗೆ ಹಿಡಿದೆ.

"ಬಿಡಕ್ಕಾ." ಅವಳು ತುಳಿಯುತ್ತಲೇ ಇದ್ದಳು. "ಇದು ನಿಂತ್ರೆ ತಲೆ ಒಳಗೆ ಬ್ಯಾರೆ ಸದ್ದು ಏಳ್ತೈತೆ. ಇತ್ತಲ ಬಾವಿ ಬಾ ಬಾ ಅಂತೈತೆ. ಮಗಳು ದೂರದ ಹರೂರ್ನಾಗವ್ಳೆ, ಬಸ್ಸಿಲ್ಲ. ಯಾರ ತಾವ ಯೋಳ್ಲಿ? ನೀನೂ ಮಾತಾಡಾದು ಬಿಟ್ಟೆ."

ನನ್ನ ಕೈ ಸಡಿಲವಾಯಿತು. ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು ಅಂದರೆ ನಂಬುತ್ತೀರಾ? ಈ ಉಪಾಯ ನನಗೆ ಹೊಳೆಯಲಿಲ್ಲವಲ್ಲ ಅಂತ!

"ಅತ್ಲಾಗೆ ಸರ್ಕೊಳ್ಳೇ" ಅಂದು ಅವಳ ಪಕ್ಕ ಕುಣಿಗೆ ಕಾಲಿಳಿಬಿಟ್ಟೆ. ಒಂದು ಕಡೆ ಅವಳು, ಒಂದು ಕಡೆ ನಾನು. ಇಬ್ಬರೂ ಅಳುತ್ತ ತುಳಿದೆವು.

ಅವತ್ತೇ ನನ್ನ ಗಂಡನ ಕೈಲಿ ಬಾವಿಗೆ ತಗಡು ಮುಚ್ಚಿಸಿ ಕಲ್ಲು ಹೇರಿಸಿದೆ. ಅಂತೂ ಅವನಿಗೂ ಒಂದು ಕೆಲಸ ಸಿಕ್ಕಿತು. ಸಂಜೆ ಅವಳು ರಾತ್ರಿ ಮಲಗುವ ಚಾಪೆ ನಮ್ಮ ಮನೆಗೆ ಬಂತು. ಬಸ್ಸು ಬಿಟ್ಟ ಕೂಡಲೇ ಸೇಲಂ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅಂತ ಮಾತಾಯಿತು.

ಆಮೇಲೆ ಹಗಲು ಅವಳು ಗೋಡೆಯಾಚೆ ಮಗ್ಗ ತುಳಿಯುವಾಗ ಅದೇ ಸದ್ದಿಗೆ ಕಿವಿ ಕೊಟ್ಟುಕೊಂಡು ಅಡುಗೆ ಮಾಡುತ್ತಿದ್ದೆ. ಒಂದು ಗಳಿಗೆ ನಿಂತರೆ ಸೌಟು ಎಸೆದು ಓಡುತ್ತಿದ್ದೆ. ಅವಳು ನೀರು ಕುಡಿಯುತ್ತಿರುತ್ತಿದ್ದಳು. "ಇಲ್ಲೇ ಇವ್ನಿ ಕಣಕ್ಕಾ" ಅನ್ನುತ್ತಿದ್ದಳು. ಬೈದು ವಾಪಸು ಬರುತ್ತಿದ್ದೆ.

ಒಂದು ದಿನ ಎದುರುಮನೆ ಕಲೈವಾಣಿ ಕಿಟಕಿಯಲ್ಲಿ ಕಾಣಿಸಿಕೊಂಡಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಏನಕ್ಕಾ, ಅವ್ಳಿಗೆ ಮಾತ್ರ ಪಾವು ಎಲ್ಲಿಂದ ಬತ್ತೈತೆ?"

"ಯಾಕೆ, ಹೊಟ್ಟೆ ಉರೀತೈತಾ?"

ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿದಳು. "ಉರೀತೈತೆ ಕಣಕ್ಕಾ. ನಿದ್ದೇನೇ ಬರಾಕಿಲ್ಲ."

"ಅಂಗಾರೆ ಬಾ," ಅಂದೆ. "ನಿಂಗೂ ಜಾಗ ಐತೆ."