ನೆಲ ಇನ್ನೂ ಆರು ಅಡಿ ಕೆಳಗೆ

ವಿಮಾನದಲ್ಲಿ ಎತ್ತರ ತೋರಿಸುವ ಮೀಟರು ಎರಡು ಥರ. ಒಂದು ಗಾಳಿಯ ಒತ್ತಡ ನೋಡಿ ಹೇಳುತ್ತದೆ. ಕೆಳಗೆ ಗುಡ್ಡವಿದೆಯೋ ಗದ್ದೆಯಿದೆಯೋ ಅದಕ್ಕೆ ಗೊತ್ತಿಲ್ಲ. ಇನ್ನೊಂದು ನಮ್ಮದು, ರೇಡಿಯೊ ಆಲ್ಟಿಮೀಟರ್. ವಿಮಾನದ ಹೊಟ್ಟೆಯಿಂದ ನೆಲಕ್ಕೆ ರೇಡಿಯೊ ಅಲೆ ಬಿಡುತ್ತದೆ. ಅಲೆ ನೆಲಕ್ಕೆ ಬಡಿದು ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದರ ಮೇಲೆ ನೆಲ ಎಷ್ಟು ದೂರ ಎಂದು ಹೇಳುತ್ತದೆ. ಇದರ ದರ್ಬಾರೆಲ್ಲ ಇಳಿಯುವ ಹೊತ್ತಿನಲ್ಲಿ. ಕಾಕ್‌ಪಿಟ್ಟಿನಲ್ಲಿ "ಐವತ್ತು, ನಲವತ್ತು, ಮೂವತ್ತು" ಎಂದು ಎಣಿಸುವ ದನಿ ಓದುವುದು ಇದರ ಲೆಕ್ಕವನ್ನೇ. ಮಂಜು ಕವಿದಾಗ ವಿಮಾನ ತಾನಾಗಿ ಇಳಿಯುತ್ತದಲ್ಲ, ಆಗ ಯಾವ ಗಳಿಗೆಯಲ್ಲಿ ಮೂತಿ ಎತ್ತಬೇಕೆಂದು ತಿಳಿಯುವುದೂ ಇದನ್ನು ನಂಬಿಯೇ.

ಈ ಕಸುಬಿಗೆ ನನ್ನನ್ನು ಕರೆತಂದವರು ಸೋದರಮಾವ. ಅಪ್ಪ ಹೋದ ಮೇಲೆ ಸಾಕಿದವರೂ ಅವರೇ. ಇಪ್ಪತ್ತು ವರ್ಷದಿಂದ ಒಂದೇ ಹ್ಯಾಂಗರ್, ಒಂದೇ ಪಾಳಿ. ಅವರು ಕೆಲಸ ಮಾಡಿದರೆ ನಾನು ಪರೀಕ್ಷಿಸಿ ಸಹಿ ಹಾಕಬೇಕು, ನಾನು ಮಾಡಿದರೆ ಅವರು. ಸಹಿ ಸುಳ್ಳಾದರೆ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಹೋದರೆ ನಮ್ಮಿಬ್ಬರಿಗೂ ಬೇರೆ ವಿದ್ಯೆ ಬರುವುದಿಲ್ಲ.

ಆ ದಿನ ರಜೆಯಿಲ್ಲದ ಹತ್ತನೇ ದಿನ. ನಾಲ್ವರ ಕೆಲಸಕ್ಕೆ ನಾವಿಬ್ಬರು. ನಿಂತಲ್ಲೇ ತೂಕಡಿಕೆ. ಎಡಗಡೆ ಆಲ್ಟಿಮೀಟರಿನ ಕೇಬಲ್ಲು ಸವೆದಿತ್ತು, ಮಾವ ರಿಪೇರಿ ಮಾಡಿದರು. ನಾನು ಕಾಕ್‌ಪಿಟ್ಟಿಗೆ ಹತ್ತಿದೆ. ಎಡದ್ದು, ಬಲದ್ದು, ಎರಡೂ ಮೀಟರು ಒಂದೇ ಲೆಕ್ಕ ಹೇಳುತ್ತಿದ್ದವು.

"ಒಂದೇ ಇದೆಯಲ್ಲಮ್ಮ?" ಎಂದು ಕೆಳಗಿನಿಂದ ಕೂಗಿದರು.

"ಒಂದೇ ಇದೆ ಮಾವ."

ಸಹಿ ಹಾಕಿದೆ. ವಿಮಾನ ಹೊರಟಿತು.

ಒಂದು ಗಂಟೆಯಾದ ಮೇಲೆ ಬೆಂಚು ಗುಡಿಸುವಾಗ ಕಸದ ಡಬ್ಬಿಯಲ್ಲಿ ಕೇಬಲ್ ತುಂಡು ಕಂಡವು. ನಾಲ್ಕಿದ್ದವು. ಎಡಗಡೆ ಅಲೆ ಕಳಿಸುವ ಕೇಬಲ್ ಒಂದು, ವಾಪಸು ತರುವ ಕೇಬಲ್ ಒಂದು, ಎರಡಿದ್ದರೆ ಸರಿ. ಎರಡು ಸವೆದಿದ್ದವು. ಇನ್ನೆರಡು ಹೊಸದರ ಹಾಗೆ ಹೊಳೆಯುತ್ತಿದ್ದವು. ನಾಲ್ಕನ್ನೂ ಎತ್ತಿಕೊಂಡು ಮಾವನ ಹತ್ತಿರ ಓಡಿದೆ.

"ಮಾವ, ಬಲಗಡೆದೂ ಕತ್ತರಿಸಿದ್ರಾ?"

ಟೀ ಲೋಟ ಹಿಡಿದು ಕೂತಿದ್ದವರು ಮೇಲೆ ನೋಡಲಿಲ್ಲ. "ಹೊಸ ಕೇಬಲ್ ಸ್ಟೋರ್‌ನಲ್ಲಿ ಇರ್ಲಿಲ್ಲ ಕಣೇ. ಎಡಗಡೆ ಎರಡರಲ್ಲೂ ಸವೆದ ನಾಲ್ಕಡಿ ತೆಗೆದು, ಒಳಗಿನ ಸುರುಳಿಯಿಂದ ಎಳ್ಕೊಂಡು ಜೋಡಿಸ್ದೆ. ಎಡಕ್ಕೂ ಬಲಕ್ಕೂ ಆರಡಿ ವ್ಯತ್ಯಾಸ ಬಂತು. ಅದಕ್ಕೆ ಬಲಗಡೆದೂ ಅಷ್ಟೇ ಕತ್ತರಿಸ್ದೆ. ಸರಿಹೋಯ್ತು."

ಹೇಳುತ್ತಾ ಹೇಳುತ್ತಾ ಅವರಿಗೇ ತಿಳಿಯಿತು. ಲೋಟ ಕೆಳಗಿಟ್ಟರು.

ಆ ಸುರುಳಿ ದಂಡಕ್ಕೆ ಇಟ್ಟದ್ದಲ್ಲ. ಕೇಬಲ್ಲಿನೊಳಗೆ ಅಲೆ ಓಡುವ ಹೊತ್ತನ್ನೂ ಮೀಟರು ಲೆಕ್ಕ ಹಿಡಿದು ಕಳೆಯುತ್ತದೆ. ಕೇಬಲ್ ಗಿಡ್ಡವಾದರೆ ನೆಲ ಹತ್ತಿರ ಬಂತೆಂದು ತಿಳಿಯುತ್ತದೆ. ಕೇಬಲ್ಲಿನಲ್ಲಿ ಅಲೆ ಗಾಳಿಗಿಂತ ನಿಧಾನ, ಹಾಗಾಗಿ ನಾಲ್ಕಡಿ ಕತ್ತರಿಸಿದರೆ ಲೆಕ್ಕದಲ್ಲಿ ಆರಡಿ ಕಡಿಮೆಯಾಗುತ್ತದೆ. ಒಂದು ಮೀಟರು ತಪ್ಪಿದರೆ ಇನ್ನೊಂದನ್ನು ನೋಡಿ ಕಂಪ್ಯೂಟರ್ ತಕರಾರು ತೆಗೆಯುತ್ತದೆ. ಎರಡೂ ಒಂದೇ ಸುಳ್ಳು ಹೇಳಿದರೆ ಅದೇನು ಮಾಡೀತು? ನೆಲ ಬಂತೆಂದು ವಿಮಾನ ಮೂತಿ ಎತ್ತುತ್ತದೆ, ನೆಲ ಇನ್ನೂ ಆರು ಅಡಿ ಕೆಳಗಿರುತ್ತದೆ. ತೇಲಿಕೊಂಡು ಮುಂದೆ ಹೋಗುತ್ತದೆ. ಉದ್ದದ ರನ್‌ವೇ ಆದರೆ ನಡೆದೀತು. ಆ ವಿಮಾನ ಇಳಿಯಬೇಕಿದ್ದದ್ದು ಗಿಡ್ಡ ರನ್‌ವೇಯಲ್ಲಿ. ಅಲ್ಲಿ ಬೆಳಗಿನಿಂದ ಮಂಜು.

"ಪೈಲಟ್‌ಗೆ ಕಣ್ಣಿಲ್ವಾ," ಎಂದರು ಮಾವ. ಅವರ ದನಿಗೆ ಅವರದೇ ಮಾತಿನಲ್ಲಿ ನಂಬಿಕೆಯಿರಲಿಲ್ಲ.

ನಾನು ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಎರಡೂ ಮೀಟರು ತಪ್ಪು, ವಿಮಾನ ತಾನಾಗಿ ಇಳಿಯಲು ಬಿಡಬೇಡಿ ಎಂದು ಹೇಳಿದೆ. ಇಪ್ಪತ್ತು ನಿಮಿಷ ಇಬ್ಬರೂ ಗೋಡೆ ನೋಡುತ್ತಾ ಕೂತೆವು. ಮಂಜಿಲ್ಲದ ಬೇರೆ ಊರಿಗೆ ತಿರುಗಿಸಿದರು, ಪೈಲಟ್ ಕಣ್ಣಳತೆಯಲ್ಲಿ ಇಳಿಸಿದ, ಎಲ್ಲರೂ ಕ್ಷೇಮ ಎಂದು ಸುದ್ದಿ ಬಂತು. ಮಾವ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳುವಷ್ಟೂ ತ್ರಾಣವಿರಲಿಲ್ಲ.

ಆಮೇಲೆ ಮೇಲ್ವಿಚಾರಕರು ಎರಡು ಹಾಳೆ ತಂದಿಟ್ಟರು. "ನಡೆದದ್ದು ನಡೆದ ಹಾಗೆ ಬರೀರಿ," ಎಂದು ಬಾಗಿಲು ಎಳೆದುಕೊಂಡು ಹೋದರು.

ಮಾವ ನನ್ನ ಕಡೆ ಬಾಗಿದರು. "ಕೇಳು. ನೀನು ನೋಡ್ದಾಗ ಸರಿಯಾಗೇ ಇತ್ತು, ನೀನು ಹೋದ್ಮೇಲೆ ನಾನು ಎರಡೂ ಕಡೆ ಕೇಬಲ್ ಕತ್ತರಿಸ್ದೆ. ಹಾಗೇ ಬರೀತೀನಿ. ನೀನೂ ಹಾಗೇ ಬರಿ. ನನ್ನದು ಹೇಗೂ ಹೋಯ್ತು. ನಿನ್ನದು ಉಳೀಲಿ."

ನೆಲದ ಮೇಲೆ ನಿಂತಾಗ ಆ ವಿಮಾನದ ಮೀಟರು ಮೈನಸ್ ನಾಲ್ಕು ಅಡಿ ತೋರಿಸಬೇಕು. ಮೂತಿ ಎತ್ತಿ ಇಳಿಯುವಾಗ ಹಿಂದಿನ ಗಾಲಿ ಮುಟ್ಟಿದ ಕ್ಷಣಕ್ಕೆ ಸೊನ್ನೆ ಬರಲೆಂದು ಹಾಗೆ ಹೊಂದಿಸಿರುತ್ತಾರೆ. ಮೊದಲ ವಾರವೇ ಇದನ್ನು ಮಾವ ನನಗೆ ಬಾಯಿಪಾಠ ಮಾಡಿಸಿದ್ದರು.

"ಮಾವ, ಮೈನಸ್ ಹತ್ತು ಇತ್ತು. ನಾನು ನೋಡ್ದೆ."

"ನೋಡ್ದೆಯಾ?"

"ನೋಡ್ದೆ. ನೀವು ಮಾಡಿದ್ದಲ್ವಾ, ಏನೋ ಕಾರಣ ಇರತ್ತೆ ಅಂದ್ಕೊಂಡೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ."

"ನಾನೂ ಅದನ್ನೇ ಮಾಡ್ದೆ ಕಣೇ," ಎಂದರು. "ಮನಸ್ಸಿಗೆ ಕಸಿವಿಸಿಯಾಗಿತ್ತು. ತಪ್ಪಿದ್ರೆ ನೀನು ಹಿಡೀತೀಯಲ್ಲ ಅಂತ ಬಿಟ್ಟೆ."

ನಾನು ಪೆನ್ನು ತೆಗೆದುಕೊಂಡೆ.

"ಬೇಡ," ಎಂದು ಕೈ ಹಿಡಿದರು. "ಮನೇಲಿ ಒಬ್ರಾದ್ರೂ ಕೆಲಸದಲ್ಲಿ ಇರ್ಬೇಕಲ್ಲೇ."

"ಸುಸ್ತಾಗಿದೆ ಮಾವ. ಸುಳ್ಳು ಹೇಳಿ ಅದನ್ನ ಜೀವಮಾನವಿಡೀ ನೆನಪಿಟ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವರ ಬೆರಳು ಸಡಿಲವಾದವು. ಮೈನಸ್ ಹತ್ತು ಎಂದು ಕಂಡಿತು, ಕಂಡೂ ಸಹಿ ಹಾಕಿದೆ ಎಂದು ಬರೆದೆ.